ಹದಿನೇಳನೆಯ ಚೀಲ

ಆಸ್ಪತ್ರೆಯ ರಕ್ತನಿಧಿಯಲ್ಲಿದ್ದ ಲಿನಕ್ಸ್ ಕಂಪ್ಯೂಟರಿಗೆ ಮೊದಮೊದಲು ಭಾರಿ ಬಿಂಕ. ಲೇಬಲ್ ಮುದ್ರಿಸಲು ಹೋದರೆ ಸಾಕು, ‘ಅನುಮತಿ ಇಲ್ಲ’ ಎಂದು ಮುಖ ತಿರುಗಿಸುತ್ತಿತ್ತು. ರೋಸಿಹೋದ ಟೆಕ್ನಿಷಿಯನ್ ಅಕ್ಕ ಲೇಬಲ್ ಪ್ರೋಗ್ರಾಮನ್ನು ಯಾವ ಫೈಲನ್ನೂ ಮುಟ್ಟಬಲ್ಲ ‘ರೂಟ್’ ಎಂಬ ಯಜಮಾನನ ಅಧಿಕಾರದಲ್ಲೇ ತೆರೆಯುವುದನ್ನು ರೂಢಿ ಮಾಡಿಕೊಂಡಳು. ಪಾಸ್‌ವರ್ಡನ್ನು ಪ್ಲಾಸ್ಟರಿನ ಮೇಲೆ ಬರೆದು ಪರದೆಗೇ ಅಂಟಿಸಿದ್ದಳು. ಮೂರು ವರ್ಷ ಅದು ತುಟಿಪಿಟಕ್ಕೆನ್ನದೆ ದುಡಿಯಿತು.

ಈ ಬೆಳಿಗ್ಗೆ ಅವಳು ಮೂವತ್ತೊಂದು ಚೀಲಗಳ ರಕ್ತದ ಗುಂಪು ಪರೀಕ್ಷಿಸಿ ಫಲಿತಾಂಶ ಟೈಪ್ ಮಾಡಿದ್ದಳು. ಚೀಲಗಳ ಮೇಲೆ ಇನ್ನೂ ಬರಿ ನಂಬರು. ಅಷ್ಟರಲ್ಲಿ ಮೇಲ್‌ನಲ್ಲಿ ಹೊಸ ಲೇಬಲ್ ವಿನ್ಯಾಸ ಬಂತು. ಯಾರು ಕಳಿಸಿದ್ದೆಂದು ನೋಡದೆ ಅದೇ ಪ್ರೋಗ್ರಾಮಿನಲ್ಲಿ ತೆರೆದಳು. ಪರದೆ ಒಮ್ಮೆ ಮಿನುಗಿತು. ಪಟ್ಟಿಯ ನಂಬರು, ಗುಂಪುಗಳೆಲ್ಲ ಅರ್ಥವಿಲ್ಲದ ಅಕ್ಷರಗಳಾದವು.

ಕಂಪ್ಯೂಟರಿನವನಿಗೆ ಫೋನ್ ಮಾಡಿದಳು.

“ಯಜಮಾನನ ಅಧಿಕಾರದಲ್ಲಿ ತೆರೆದ್ರಾ?”

“ಹೂಂ. ಪಟ್ಟಿಯ ಬ್ಯಾಕಪ್ ನಕಲು ಇದೆಯಲ್ಲ?”

“ನಿಮ್ಮ ಖಾತೆಯಲ್ಲಿ ತೆರೆದಿದ್ರೆ ನಿಮ್ಮ ಫೈಲ್ ಅಷ್ಟೇ ಹಾಳಾಗ್ತಿತ್ತು, ನಕಲು ಮುಟ್ಟೋಕೆ ಆಗ್ತಿರಲಿಲ್ಲ. ಈಗ ವೈರಸ್ ಅದನ್ನೂ ತಿಂದಿದೆ. ಮೊದಲು ನೆಟ್‌ವರ್ಕ್ ವೈರ್ ಕಿತ್ತಾಕಿ.”

ವೈರ್ ಕಿತ್ತಳು. ಅದೇ ಹೊತ್ತಿಗೆ ಆಪರೇಷನ್ ಥಿಯೇಟರಿನಿಂದ ಕರೆ: ಹೆರಿಗೆಯಲ್ಲಿ ರಕ್ತ ನಿಲ್ಲುತ್ತಿಲ್ಲ, ಬಿ ನೆಗೆಟಿವ್ ಈಗಲೇ ಬೇಕು. ಒಳಗೆ ಮಲಗಿದ್ದವಳು ಅವಳ ಸ್ವಂತ ತಮ್ಮನ ಹೆಂಡತಿ. ಹೊರಗಿನಿಂದ ತರಿಸಲು ಒಂದು ಗಂಟೆ ಬೇಕು.

ಹದಿನೇಳನೆಯದು ಬಿ ನೆಗೆಟಿವ್. ಬೆಳಿಗ್ಗೆ ತಾನೇ ಟೈಪ್ ಮಾಡಿದ ನೆನಪು ಕಣ್ಣಿಗೆ ಕಟ್ಟಿದಂತಿತ್ತು. ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋದಳು. ಹದಿನೇಳೋ, ಇಪ್ಪತ್ತೇಳೋ? ವಾಪಸು ಬಂದು ಗಾಜಿನ ಮೇಲೆ ಒಂದು ಹನಿ ಹಾಕಿ, ಎ ಗುಂಪು ಪತ್ತೆಹಚ್ಚುವ ಸೀರಂ ಬೆರೆಸಿದಳು. ರಕ್ತ ಒಡೆದ ಹಾಲಿನ ಹಾಗೆ ಮುದ್ದೆಗಟ್ಟಿತು. ಅದು ಬಿ ನೆಗೆಟಿವ್ ಅಲ್ಲವೇ ಅಲ್ಲ. ಕೊಟ್ಟಿದ್ದರೆ ನಾದಿನಿಯನ್ನು ಅವಳೇ ಕೊಂದಂತಾಗುತ್ತಿತ್ತು.

ಇಪ್ಪತ್ತೇಳೂ ಅಲ್ಲ. ಇನ್ನು ನೆನಪನ್ನು ನಂಬುವಂತಿರಲಿಲ್ಲ. ಒಂದರಿಂದ ಶುರು ಮಾಡಿದಳು.

ಕಿಟಕಿಯಲ್ಲಿ ತಮ್ಮ ಬಂದು ನಿಂತ. “ಯಾಕಕ್ಕ ತಡ? ನೀನಿದ್ದೀಯ ಅಂತ ನಾನು ಧೈರ್ಯವಾಗಿದ್ದೆ.”

ಮಷೀನ್ ಕೈಕೊಟ್ಟಿತು ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

“ನಾನೇ ಕೆಡಿಸಿಬಿಟ್ಟೆ ಕಣೋ. ಯಾವ ಚೀಲ ಯಾವುದು ಅಂತ ಗೊತ್ತಿಲ್ಲ. ಹುಡುಕ್ತಿದೀನಿ.”

ತಮ್ಮ ತಿರುಗಿ ಥಿಯೇಟರಿನ ಕಡೆ ಹೋದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹನ್ನೊಂದನೆಯ ಚೀಲ ಬಿ ನೆಗೆಟಿವ್. ಥಿಯೇಟರಿನಿಂದ ಕಳಿಸಿದ್ದ ನಾದಿನಿಯ ರಕ್ತದ ಮಾದರಿಯ ಜೊತೆ ಬೆರೆಸಿ, ಹೊಂದುವುದನ್ನು ನೋಡಿಕೊಂಡು, ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ನರ್ಸ್ ಕೈಗಿಟ್ಟಳು. ಮೂವತ್ತೈದು ನಿಮಿಷ ಕಳೆದಿತ್ತು.

“ಮಗು ಚೆನ್ನಾಗಿದೆ. ತಾಯಿ ವಿಷಯ ಈಗಲೇ ಹೇಳೋಕಾಗಲ್ಲ,” ಎಂದು ನರ್ಸ್ ಬಾಗಿಲು ಮುಚ್ಚಿಕೊಂಡಳು.

ತಮ್ಮ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಪಕ್ಕದಲ್ಲಿ ಜಾಗವಿತ್ತು. ಅಲ್ಲಿ ಕೂರುವ ಧೈರ್ಯ ಅಕ್ಕನಿಗೆ ಬರಲಿಲ್ಲ.