ಹನ್ನೊಂದು ಗಂಟೆಯ ಸದ್ದು

"ಮಕ್ಕಳನ್ನ ಹೆತ್ತಿದೀಯೋ, ಕುದುರೆಗಳನ್ನ ಹೆತ್ತಿದೀಯೋ? ಬೆಳಿಗ್ಗೆ ಹನ್ನೊಂದು ಗಂಟೆಗೆ ಶುರುವಾದ್ರೆ ನನ್ನ ತಲೆ ಮೇಲೆ ದಬದಬ ದಬದಬ! ಮನುಷ್ಯರು ಇರೋ ಬಿಲ್ಡಿಂಗ್ ಕಣೇ ಇದು. ಲಾಯ ಅಲ್ಲ!"

ಕಟ್ಟಡದ ಮ್ಯಾನೇಜರ್, ಮೂರನೇ ಮಹಡಿಯವನು, ಲಿಫ್ಟಿನ ಬಾಗಿಲಿಗೆ ಅಡ್ಡ ನಿಂತಿದ್ದ. ಅವನು ಕೂಗಿದಾಗಲೆಲ್ಲ ಸೊಂಟದ ಕೀಲಿಗೊಂಚಲು ಗಿಲಗಿಲ ಅನ್ನುತ್ತಿತ್ತು. ಮಕ್ಕಳು ಅವನಿಗೆ ಗಿಲಕಿ ಅಂತ ಹೆಸರಿಟ್ಟಿದ್ದು ಅದಕ್ಕೇ.

ಇಸ್ತ್ರಿಯಕ್ಕ ಆಗಷ್ಟೇ ಕೆಲಸ ಮುಗಿಸಿ, ಶಾಲೆಯಿಂದ ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಎರಡು ಕೈಯಲ್ಲಿ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಒಂಬತ್ತು, ಚಿಕ್ಕವಳಿಗೆ ಐದು. ಇಬ್ಬರ ಬೆನ್ನಿನ ಮೇಲೂ ಚೀಲ ಇನ್ನೂ ಹಾಗೇ ಇತ್ತು.

"ಅಣ್ಣಾ, ಹನ್ನೊಂದಕ್ಕೆ ಇವರು ಸ್ಕೂಲಲ್ಲಿರ್ತಾರೆ..."

"ಅಂದ್ರೆ ನನ್ನ ಕಿವಿ ಸುಳ್ಳು ಹೇಳತ್ತಾ?"

ಸಂಜೆಯ ಹಾಲು ತರಲು ಕೆಳಗಿಳಿದಿದ್ದ ಮೊದಲ ಮಹಡಿಯ ಗುಮಾಸ್ತ ತಲೆ ತಗ್ಗಿಸಿಕೊಂಡು ವಾಪಸ್ ಮೆಟ್ಟಿಲು ಹತ್ತಿದ. ಇಸ್ತ್ರಿಯಕ್ಕ ನೆಲ ನೋಡಿದಳು.

"ತಪ್ಪಾಯ್ತು ಅಣ್ಣಾ. ಇನ್ಮೇಲೆ ಹಾಗಾಗಲ್ಲ."

"ಮೆಟ್ಟಿಲಲ್ಲಿ ಹೋಗಿ. ಲಿಫ್ಟು ಮಕ್ಕಳಿಗಲ್ಲ."

ನಾಲ್ಕು ಮಹಡಿ ಹತ್ತುವಾಗ ದೊಡ್ಡವಳು ಕೇಳಿದಳು, "ಅಮ್ಮಾ, ನಾವು ಓಡೇ ಇಲ್ಲವಲ್ಲ. ಮತ್ಯಾಕೆ ತಪ್ಪಾಯ್ತು ಅಂದೆ?"

ಇಸ್ತ್ರಿಯಕ್ಕ ಅವಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಈ ಮನೆ ಸಿಗುವ ಮೊದಲು ಎಷ್ಟೋ ಬಾಗಿಲು ತಟ್ಟಿದ್ದಳು. ಎಲ್ಲ ಕಡೆ ಮೊದಲ ಪ್ರಶ್ನೆ ಒಂದೇ, ಮಕ್ಕಳಿದಾರಾ? ಇದಾರೆ ಅಂದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಒಬ್ಬಳಂತೂ ನಾಯಿ ಬೇಕಾದರೆ ಇಟ್ಟುಕೊಳ್ಳಿ ಅಂದಿದ್ದಳು. ಗಂಡ ಲಾರಿ ಮೇಲೆ, ಹದಿನೈದು ದಿನಕ್ಕೊಮ್ಮೆ ಬಂದು ಎರಡು ದಿನ ಮಲಗಿ ಎದ್ದು ಹೋಗುವವನು. ಇವಳು ಆಸ್ಪತ್ರೆಗಳ ಹೊದಿಕೆ ಒಗೆದು ಇಸ್ತ್ರಿ ಹಾಕುವ ಕಾರ್ಖಾನೆಯಲ್ಲಿ ಇಡೀ ದಿನ ಬಿಸಿ ಉರುಳೆಯ ಮುಂದೆ ನಿಲ್ಲುವವಳು. ಮೊಣಕೈವರೆಗೂ ಹಬೆ ಸುಟ್ಟ ಕಲೆ.

ಮೂರನೇ ಮಹಡಿ ದಾಟಿ ಮೆಟ್ಟಿಲು ತಿರುಗುವ ಕಡೆ ಅವಳು ಚಿಕ್ಕವಳನ್ನು ಗೋಡೆಯ ಬದಿಗೆ ಎಳೆದುಕೊಂಡಳು. ಅಲ್ಲಿ ಮೆಟ್ಟಿಲ ಬದಿಯ ಕಟಕಟೆಯಲ್ಲಿ ನಾಲ್ಕು ಕಂಬಿ ಇರಲಿಲ್ಲ. ಆ ಜಾಗದಲ್ಲಿ ಒಂದು ತಂತಿ ಸುತ್ತಿ, ಅದಕ್ಕೆ ಕೆಂಪು ಚಿಂದಿ ಕಟ್ಟಿದ್ದರು. ಇಣುಕಿದರೆ ಕೆಳಗಿನ ನೆಲದವರೆಗೂ ಬಾವಿಯ ಹಾಗೆ ಕಾಣುತ್ತಿತ್ತು. ಬಂದ ವಾರವೇ ಅವಳು ಹೇಳಿದ್ದಳು, ಅಣ್ಣಾ, ಕಂಬಿ ಹಾಕಿಸಿ, ಮಕ್ಕಳು ಓಡಾಡೋ ಜಾಗ ಅಂತ. "ಕಂಬಿ ಯಾಕೆ? ಮಕ್ಕಳನ್ನ ಕಟ್ಟಿ ಹಾಕು," ಅಂದಿದ್ದ ಗಿಲಕಿ.

ಅವಳು ಹಾಗೇ ಮಾಡಿದ್ದಳು. ನೆಲಕ್ಕೆಲ್ಲ ಹಳೇ ಕಂಬಳಿ ಹಾಸಿದಳು. ಕುರ್ಚಿಯ ಕಾಲುಗಳಿಗೆ ಬಟ್ಟೆ ಸುತ್ತಿದಳು. ಮಕ್ಕಳಿಗೆ ಎರಡೆರಡು ಜೊತೆ ಕಾಲುಚೀಲ. ಚೆಂಡನ್ನು ಅಟ್ಟದ ಮೇಲೆ ಇಟ್ಟಳು. ಮಕ್ಕಳು ಜಗಳ ಕೂಡ ಪಿಸುಮಾತಿನಲ್ಲೇ ಆಡುವುದನ್ನು ಕಲಿತವು. ಒಬ್ಬಳು ಇನ್ನೊಬ್ಬಳ ಜುಟ್ಟು ಹಿಡಿದು ಎಳೆದರೆ, ಎಳೆಸಿಕೊಂಡವಳು ಬಾಯಿ ತೆರೆದು ಸದ್ದಿಲ್ಲದೆ ಅಳುತ್ತಿದ್ದಳು. ಕಳೆದ ತಿಂಗಳು ಶಾಲೆಯ ಟೀಚರ್ ಕರೆಸಿ ಕೇಳಿದ್ದಳು, "ನಿಮ್ಮ ಚಿಕ್ಕವಳಿಗೆ ಮಾತು ಬರತ್ತೆ ತಾನೆ? ಹಾಜರಿ ಕೂಗಿದ್ರೆ ತುಟಿ ಅಲ್ಲಾಡತ್ತೆ, ದನಿಯೇ ಇಲ್ಲ."

ಬರತ್ತೆ ಮೇಡಂ ಅಂದು ಮನೆಗೆ ಬಂದವಳು, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು.

ಒಂದು ದಿನ ಜ್ವರ ಬಂದು ಅವಳು ಕೆಲಸಕ್ಕೆ ಹೋಗಲಿಲ್ಲ. ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು ಮುಸುಕು ಹಾಕಿಕೊಂಡು ಮಲಗಿದಳು. ಮನೆ ನಿಶ್ಶಬ್ದ. ಕಣ್ಣು ಹತ್ತುವಷ್ಟರಲ್ಲಿ ಕೆಳಗಿನಿಂದ ಯಾರೋ ಕೋಲಿನಿಂದ ಚಾವಣಿ ಕುಟ್ಟಿದರು. ಧಡ್. ಧಡ್. ಧಡ್. ಅವಳ ಬೆನ್ನಿನ ಕೆಳಗೇ ನೆಲ ಅದುರಿತು. ಗೋಡೆಯ ಗಡಿಯಾರ ನೋಡಿದಳು. ಹನ್ನೊಂದಾಗಿ ಐದು ನಿಮಿಷ.

ಮರುಕ್ಷಣ ಮೆಟ್ಟಿಲಲ್ಲಿ ಗಿಲಗಿಲ. ಬಾಗಿಲು ತೆರೆದರೆ ಮ್ಯಾನೇಜರ್. ಬನಿಯನ್ನಿನಲ್ಲೇ ಬಂದಿದ್ದ.

"ಎಲ್ಲೇ ಅದು?"

"ಯಾವ್ದಣ್ಣಾ?"

ಅವನು ಅವಳನ್ನು ಪಕ್ಕಕ್ಕೆ ತಳ್ಳಿ ಚಪ್ಪಲಿ ಕಾಲಲ್ಲೇ ಒಳಗೆ ನುಗ್ಗಿದ. ಪರದೆ ಸರಿಸಿದ. ಮಂಡಿಯೂರಿ ಮಂಚದ ಕೆಳಗೆ ನೋಡಿದ. ಬಚ್ಚಲ ಬಾಗಿಲು ತೆರೆದ. ಈಗ ಬೈಗುಳ ಬರುತ್ತದೆ ಅಂತ ಇಸ್ತ್ರಿಯಕ್ಕ ಕಾದು ನಿಂತಳು. ಬರಲಿಲ್ಲ. ಅವನು ಎದ್ದು ಗೋಡೆ ಹಿಡಿದುಕೊಂಡ. ಹಣೆಯ ಮೇಲೆ ಬೆವರು.

"ಒಂದೇ," ಅಂದ. "ಎರಡಲ್ಲ. ಒಂದೇ ಓಡ್ತಿತ್ತು."

"ಮನೇಲಿ ನಾನೊಬ್ಬಳೇ ಇರೋದು. ಮಕ್ಕಳು..."

"ಬಾಯ್ ಮುಚ್ಚೇ ಲೌಡಿ!" ಎಂದು ಕಿರುಚಿದ. ಆ ಕಿರುಚಾಟದಲ್ಲಿ ಸಿಟ್ಟಿರಲಿಲ್ಲ. ಇಳಿದು ಹೋಗುವಾಗ ತಂತಿ ಕಟ್ಟಿದ ಕಡೆ ಅವನು ಗೋಡೆಗೆ ಬೆನ್ನು ಹಚ್ಚಿ, ಅಡ್ಡಡ್ಡ ಕಾಲಿಟ್ಟು, ಕಣ್ಣನ್ನು ಮೇಲಕ್ಕೇ ನೆಟ್ಟುಕೊಂಡು ದಾಟಿದ. ಇಸ್ತ್ರಿಯಕ್ಕ ಅದನ್ನು ಬಾಗಿಲಲ್ಲಿ ನಿಂತು ನೋಡಿದಳು. ಇಷ್ಟು ದಿನ ಅವಳಿಗೆ ಅವನ ಭಯವಿತ್ತು. ಈಗ ಅವನಿಗಿದ್ದ ಭಯ ನೋಡಿ ಭಯವಾಯಿತು.

ಮಧ್ಯಾಹ್ನ ಅವಳು ಎರಡನೇ ಮಹಡಿಯ ಟೈಲರಜ್ಜಿಯ ಹತ್ತಿರ ಹೋದಳು. ಪರದೆ, ದಿಂಬಿನ ಚೀಲ ಹೊಲಿದುಕೊಂಡು ಒಂಟಿಯಾಗಿ ಇದ್ದ ಮುದುಕಿ ಅದು. ಆ ಕಟ್ಟಡದಲ್ಲಿ ಎಲ್ಲರಿಗಿಂತ ಹಳಬಳು.

"ಅಜ್ಜೀ, ನಮ್ಮ ಮನೇಲಿ ಮುಂಚೆ ಯಾರಿದ್ರು?"

ಮಿಷನ್ ತುಳಿಯುತ್ತಿದ್ದ ಕಾಲು ನಿಂತಿತು. ಅಜ್ಜಿ ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿ ಬಂದಳು.

"ಬಣ್ಣ ಹೊಡೆಯೋನು, ಅವನ ಹೆಂಡತಿ, ಒಂದು ಮಗಳು. ಆರು ವರ್ಷ ಇರಬೇಕು. ಪಟಾಕಿ ಥರ ಮಾತಾಡೋಳು. ಮಾಲೀಕರ ದೊಡ್ಡ ಕಬ್ಬಿಣದ ಕಪಾಟು ಮೇಲೆ ಸಾಗಿಸೋಕೆ ಈ ಮ್ಯಾನೇಜರ್ ಕಂಬಿ ಕೊಯ್ಸಿದ. ಇವತ್ತು ಹಾಕಿಸ್ತೀನಿ ನಾಳೆ ಹಾಕಿಸ್ತೀನಿ ಅಂತ ಎರಡು ತಿಂಗಳು ತಳ್ಳಿದ. ಆಗ ತಂತೀನೂ ಇರಲಿಲ್ಲ. ಅವತ್ತು ಸ್ಕೂಲಿಗೆ ರಜೆ. ಅಪ್ಪ ಅಮ್ಮ ಕೆಲಸಕ್ಕೆ ಹೋಗಿದ್ರು. ಬೆಳಿಗ್ಗೆ ಹನ್ನೊಂದು ಗಂಟೆ ಹೊತ್ತಿಗೆ ಮಗು ಮನೇಲಿ ಓಡಾಡ್ತಿತ್ತು. ಇವನು ಮೆಟ್ಟಿಲಲ್ಲಿ ನಿಂತು ಕೂಗಿದ, ಬಾರೇ ಇಲ್ಲಿ, ಇವತ್ತು ನಿನ್ನ ಕಾಲು ಮುರೀತೀನಿ ಅಂತ. ಅದು ಹೆದರಿ ಓಡಿ ಬಂತು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಮುಂದೆನೇ ಕೆಳಗೆ ಹೋಯ್ತು ಕಣವ್ವಾ. ಕೂಗಲೂ ಇಲ್ಲ."

"ಪೊಲೀಸರು?"

"ಬಂದ್ರು. ಮಗು ಕಂಬಿ ಮೇಲೆ ಹತ್ತಿ ಆಟ ಆಡ್ತಿತ್ತು ಅಂತ ಬರಕೊಂಡ್ರು. ಹಾಗಂತ ಎಲ್ಲರೂ ಹೇಳಿದ್ರು." ಅಜ್ಜಿ ಮಿಷನ್ನಿನ ಮೇಲಿದ್ದ ಬಟ್ಟೆಯ ಮಡಿಕೆ ಸರಿಮಾಡಿದಳು. "ನಾನೂ ಹೇಳ್ದೆ. ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಲಿ ಹೇಳು. ಅವರು ಆ ವಾರನೇ ಖಾಲಿ ಮಾಡಿದ್ರು."

ಆಮೇಲಿಂದ ಇಸ್ತ್ರಿಯಕ್ಕನಿಗೆ ಕಾರ್ಖಾನೆಯಲ್ಲೂ ನೆಮ್ಮದಿ ಇಲ್ಲವಾಯಿತು. ಒಗೆಯುವ ಯಂತ್ರ ತಿರುಗುವ ದಬದಬದೊಳಗೆ ಯಾರೋ ಬರಿಗಾಲಲ್ಲಿ ಓಡಿದ ಹಾಗೆ ಕೇಳುತ್ತಿತ್ತು. ಹನ್ನೊಂದು ಹೊಡೆದರೆ ಉರುಳೆಗೆ ಕೊಟ್ಟ ಹೊದಿಕೆ ಅರ್ಧಕ್ಕೇ ನಿಲ್ಲುತ್ತಿತ್ತು. ಎದುರಿನವಳು, ಕೈ ಒಳಗೆ ಹೋಗತ್ತಲ್ಲೇ, ಎಲ್ಲಿದೆ ಜ್ಞಾನ ಅಂತ ಗದರುತ್ತಿದ್ದಳು. ಮೆಟ್ಟಿಲು ಹತ್ತುವಾಗ ಮಕ್ಕಳನ್ನು ಎಣಿಸುತ್ತಿದ್ದಳು. ಒಂದು, ಎರಡು. ತಿರುವು ದಾಟಿದ ಮೇಲೆ ಮತ್ತೆ ಎಣಿಸುತ್ತಿದ್ದಳು. ಮೂರನೆಯದೊಂದು ಹಿಂದೆ ಉಳಿದುಬಿಟ್ಟಿದೆಯೇನೋ ಅನ್ನಿಸಿ ತಿರುಗಿ ನೋಡುತ್ತಿದ್ದಳು. ತನ್ನ ಕಂಬಳಿಗಳ ಮೇಲೆ, ತನ್ನ ಮಕ್ಕಳ ನಡುವೆ, ಆ ಮಗುವೂ ಹೆಜ್ಜೆ ಸದ್ದಾಗದ ಹಾಗೆ ಬದುಕುತ್ತಿದೆ ಅನ್ನಿಸುತ್ತಿತ್ತು.

ಮುಂದಿನ ವಾರ ಒಂದು ಸಂಜೆ ಅವರು ಮೆಟ್ಟಿಲು ಹತ್ತುತ್ತಿದ್ದಾಗ ಗಿಲಕಿ ತನ್ನ ಬಾಗಿಲಿಂದ ಹೊರಗೆ ಬಂದ. ಕಣ್ಣು ಕೆಂಪಗಿದ್ದವು. ನಿದ್ದೆ ಕಂಡವನ ಮುಖವಲ್ಲ.

"ಇವತ್ತೂ ಓಡಿದ್ರಿ ಅಲ್ವೇನ್ರೇ?" ಅಂತ ಚಿಕ್ಕವಳ ಕಿವಿ ಹಿಡಿದ. "ಹೇಳೇ! ಹನ್ನೊಂದು ಗಂಟೆಗೆ ಓಡಿದ್ದು ನೀನೇ ತಾನೆ? ಹೇಳು, ನಾನೇ ಅನ್ನು!"

ಮಗುವಿನ ತುಟಿ ಅಲುಗಿತು. ದನಿ ಬರಲಿಲ್ಲ. ಕಾಲುಚೀಲ ಒದ್ದೆಯಾಗಿ ಮೆಟ್ಟಿಲ ಮೇಲೆ ಉಚ್ಚೆ ಹರಿಯಿತು.

"ಥೂ! ಬೇವರ್ಸಿಗಳಾ! ಒರೆಸು. ಈಗಲೇ ಒರೆಸು. ನಿನ್ನ ಮೈಮೇಲಿನ ಬಟ್ಟೇಲೇ ಒರೆಸು!"

ದೊಡ್ಡವಳು ತನ್ನ ಸ್ವೆಟರ್ ಬಿಚ್ಚಿ ಬಗ್ಗಿದಳು. ಇಸ್ತ್ರಿಯಕ್ಕ ಅವಳ ತೋಳು ಹಿಡಿದು ಎತ್ತಿದಳು. ಆಮೇಲೆ ಅವನ ಕೈಯನ್ನು ಚಿಕ್ಕವಳ ಕಿವಿಯಿಂದ ಒಂದೊಂದೇ ಬೆರಳು ಬಿಡಿಸಿದಳು.

"ನನ್ನ ಮಕ್ಕಳು ನಾನೇ ಅಂದ್ರೆ ನಿನಗೆ ನಿದ್ದೆ ಬರತ್ತೇನೋ?"

"ಏನೇ ಅಂದೆ? ಏನೋ ಅಂತೀಯಾ ನನಗೆ?"

"ಅಂತೀನಿ ಕಣೋ ಮುಂಡೇಮಗನೇ. ಹನ್ನೊಂದು ಗಂಟೆಗೆ ಓಡೋದು ಯಾರು ಅಂತ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಕಾಲು ಮುರೀತೀನಿ ಅಂತ ಕರೆದೋನು ನೀನೇ ಅಲ್ವಾ? ಅದು ಬಂತು. ಈಗ ಹೋಗು ಅಂದ್ರೆ ಎಲ್ಲಿಗೆ ಹೋಗತ್ತೆ?"

ಅವನು ಎರಡು ಹೆಜ್ಜೆ ಹಿಂದೆ ಸರಿದ. ತೀರಾ ಮೆಲ್ಲಗೆ, "ಭಾನುವಾರದೊಳಗೆ ಖಾಲಿ ಮಾಡು," ಅಂದು ಬಾಗಿಲು ಹಾಕಿಕೊಂಡ. ಒಳಗಿನಿಂದ ಚಿಲಕ ಹಾಕಿದ್ದು ಕೇಳಿಸಿತು. ಒಂದಾದ ಮೇಲೆ ಒಂದು, ಮೂರು ಚಿಲಕ.

ಗಂಡ ಫೋನಿನಲ್ಲಿ ಸಿಡುಕಿದ. "ಬಾಯಿ ಯಾಕೆ ಬಿಡಕ್ಕೆ ಹೋದೆ? ಇನ್ನೊಂದು ಸಲ ತಪ್ಪಾಯ್ತು ಅಂದಿದ್ರೆ ಮುಗೀತಿತ್ತಲ್ಲ!"

"ಇನ್ನೆಷ್ಟು ಸಲ?" ಅಂದಳು ಇವಳು.

ಅತ್ತ ಅವನು ಲಾರಿಯ ಎಂಜಿನ್ ಆರಿಸಿದ್ದು ಕೇಳಿಸಿತು. ಆಮೇಲೆ ಅವನು, "ನಮ್ಮಕ್ಕನ ಮನೇಲಿ ಒಂದು ವಾರ ಇರಿ. ನಾನು ಮಾತಾಡ್ತೀನಿ," ಅಂದ.

ಭಾನುವಾರ ಬೆಳಿಗ್ಗೆ ಇಸ್ತ್ರಿಯಕ್ಕ ಪಾತ್ರೆಯ ಗಂಟು ತಲೆ ಮೇಲಿಟ್ಟುಕೊಂಡು, ಮಕ್ಕಳನ್ನು ಮುಂದೆ ಬಿಟ್ಟುಕೊಂಡು ಇಳಿಯುತ್ತಿದ್ದಳು. ತಿರುವಿನಲ್ಲಿ ಮ್ಯಾನೇಜರ್ ಎದುರಾದ. ಹಿಂದೆ ಒಬ್ಬಳು ಹೆಂಗಸು. ಉಗುರಿನ ಸಂದಿಯಲ್ಲಿ ಸಿಮೆಂಟು, ಕೈ ಹಿಡಿದುಕೊಂಡ ಮೂರು ವರ್ಷದ ಮಗು.

"ಗಾಳಿ ಬೆಳಕು ಎಲ್ಲಾ ಚೆನ್ನಾಗಿದೆಯಮ್ಮಾ. ಮುಂಚೆ ಇದ್ದೋರು ಸರಿ ಇರಲಿಲ್ಲ," ಅನ್ನುತ್ತಿದ್ದ ಅವನು.

ಇಸ್ತ್ರಿಯಕ್ಕ ಗಂಟನ್ನು ಇಳಿಸಿದಳು. "ತಂಗೀ, ಆ ಕಡೆ ಸರೀಬೇಡ. ಇಲ್ಲಿಂದ ಒಂದು ಹೆಣ್ಣುಮಗು ಬಿದ್ದು ಸತ್ತಿದೆ. ಕಂಬಿ ಕೊಯ್ಸಿದ್ದು ಇವನು. ಹೆದರಿಸಿ ಓಡಿಸಿದ್ದೂ ಇವನೇ."

"ಹುಚ್ಚಿ ಕಣಮ್ಮಾ ಇವಳು. ಖಾಲಿ ಮಾಡು ಅಂದಿದ್ದಕ್ಕೆ ಹೊಟ್ಟೆಕಿಚ್ಚು..."

ಕೆಳಗಿನ ಮಹಡಿಗಳಲ್ಲಿ ಬಾಗಿಲುಗಳು ಒಂದೊಂದು ಗೇಣು ತೆರೆದುಕೊಂಡವು. ಯಾರೂ ಹೊರಗೆ ಬರಲಿಲ್ಲ. ಆಮೇಲೆ ಆ ಬಾವಿಯಂಥ ಜಾಗದೊಳಗಿಂದ ಒಂದು ಮುದಿ ದನಿ ಮೇಲೇರಿ ಬಂತು.

"ನಿಜ ಕಣಮ್ಮಾ. ನಾನೇ ನೋಡಿದ್ದು."

ಮರುಕ್ಷಣ ಟೈಲರಜ್ಜಿಯ ಬಾಗಿಲು ಮುಚ್ಚಿಕೊಂಡಿತು.

ಮ್ಯಾನೇಜರ್ ಕಂಬಿ ಹಿಡಿದುಕೊಂಡ. ಇಸ್ತ್ರಿಯಕ್ಕ ತಂತಿಗೆ ಬೆನ್ನು ಮಾಡಿ, ಆ ತೆರವಿನ ಮುಂದೆ ಮೆಟ್ಟಿಲ ಮೇಲೆ ಕೂತಳು. ಮಕ್ಕಳನ್ನು ಗೋಡೆಯ ಬದಿಗೆ ಕೂರಿಸಿಕೊಂಡಳು.

"ಏಳೇ ಮೇಲೆ."

"ಕಂಬಿ ಹಾಕಿಸು. ಹಾಕಿಸೋವರೆಗೂ ಇಲ್ಲಿಂದ ನಾನು ಏಳಲ್ಲ."

ಸಿಮೆಂಟಿನ ಕೈಯ ಹೆಂಗಸು ತಂತಿ ನೋಡಿದಳು. ಕೆಂಪು ಚಿಂದಿ ನೋಡಿದಳು. ಕತ್ತು ಚಾಚಿ ಕೆಳಗೆ ನೋಡಿದಳು. ಮಗುವನ್ನು ಎತ್ತಿ, ಗೋಡೆಯ ಕಡೆಯ ಸೊಂಟದ ಮೇಲೆ ಕೂರಿಸಿಕೊಂಡಳು. ಇಸ್ತ್ರಿಯಕ್ಕನ ಮುಖವನ್ನು ಮಾತ್ರ ನೋಡಲಿಲ್ಲ. ಪಾತ್ರೆಗಂಟು ದಾಟಿ, ಮಕ್ಕಳ ಕಾಲು ತುಳಿಯದ ಹಾಗೆ ಒಂದೊಂದೇ ಹೆಜ್ಜೆ ಇಟ್ಟು, ಮೇಲಿನ ಮೆಟ್ಟಿಲು ತಲುಪಿ ತಿರುಗಿದಳು.

"ಅಣ್ಣಾ," ಅಂದಳು ಮ್ಯಾನೇಜರನಿಗೆ, "ನೀರು ಎಷ್ಟು ಗಂಟೆಗೆ ಬಿಡ್ತೀರಾ?"