ತೊಳೆದ ಹಾಳೆ

“ಒಂದು ಫೋಟೋ ತೆಗೀಲಿಕ್ಕೂ ಬಿಡುದಿಲ್ಲ ಅಲ್ವಾ ನಿಮ್ಮ ಸರ್, ಅದಕ್ಕೇ ನಿಮ್ಮ ಹತ್ರ ಕೇಳುದು,” ಎಂದು ರೋಸಿ ಮೈತ್ರಿಯ ಮುಂಗೈ ಹಿಡಿದುಕೊಂಡರು. “ಬೀರುವಿನ ಕೀ ನಿಮ್ಮ ಕೈಯಲ್ಲೇ ಉಂಟಲ್ಲ.”

ವ್ಯಾನಿನ ಬಾಗಿಲು ತೆರೆದಿತ್ತು. ಗಾಲಿಕುರ್ಚಿಯನ್ನು ಮೇಲೆತ್ತುವ ಹಲಗೆಯ ಮೇಲೆ ರೋಸಿಯ ಗಂಡ ಆಲ್ಫ್ರೆಡ್ ಕೊರಳಿಗೆ ಟವೆಲು ಸುತ್ತಿಕೊಂಡು ಸರೋವರದ ಕಡೆ ನೋಡುತ್ತ ಕುಳಿತಿದ್ದರು. ನರಗಳನ್ನು ಒಂದೊಂದಾಗಿ ಸಾಯಿಸುವ ಕಾಯಿಲೆ. ಕಮ್ಮಟ ಶುರುವಾದಾಗ ಅವರ ಬಲಗೈ ಇನ್ನೂ ಅಷ್ಟಿಷ್ಟು ಮಾತು ಕೇಳುತ್ತಿತ್ತು. ಮೂರನೆಯ ಶನಿವಾರ ಮೈತ್ರಿ ಅವರ ಬಾಯಿ ಒರೆಸಿ ಮೊಣಕೈಗೆ ಆಸರೆ ಕೊಟ್ಟಾಗ ಒಂದು ಗಂಟೆ ಹಿಡಿದು ನಾಲ್ಕು ಸಾಲು ಬರೆದಿದ್ದರು. ಅದೇ ಕೊನೆ. ಈಗ ಏಳನೆಯ ಶನಿವಾರ. ಬೆರಳೂ ಇಲ್ಲ, ನಾಲಿಗೆಯೂ ಇಲ್ಲ, ಕಣ್ಣು ಮಾತ್ರ ಇತ್ತು.

“ಪದ್ಯ ನನಗೆ ಬಾಯಿಪಾಠ ಉಂಟು, ಅದಲ್ಲ,” ಎಂದರು ರೋಸಿ. “ಅವರ ಅಕ್ಷರ ಬೇಕು ನನಗೆ. ಮುಂದಿನ ವಾರ ನೀರಿಗೆ ಹಾಕುವಾಗ ಅವರದ್ದು ಮೊದಲನೇ ವಾರದ ಹಾಳೆ ಹಾಕಿ, ಆಯ್ತಾ? ಬರೀ ಗೆರೆ ಎಳೆದದ್ದು ಒಂದು ಉಂಟಲ್ಲ. ಯಾರಿಗೆ ಗೊತ್ತಾಗ್ತದೆ?”

“ಮಾಡ್ತೀನಿ ಆಂಟಿ. ನೀವು ಯೋಚನೆ ಮಾಡ್ಬೇಡಿ,” ಎಂದಳು ಮೈತ್ರಿ. ಹಾಗೆಂದಾಗ ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ಇದನ್ನು ಹೇಳಿಬಿಡಬೇಕು, ಏಕೆಂದರೆ ಮುಂದೆ ಅವಳ ಪರವಾಗಿ ಹೇಳುವುದಕ್ಕೆ ಹೆಚ್ಚೇನೂ ಸಿಗುವುದಿಲ್ಲ.

ಮರ್ಸರ್ ಐಲ್ಯಾಂಡಿನ ಆ ಮನೆಯ ಕೆಳಮಹಡಿಯಲ್ಲಿ ದ್ವಾರಕಾನಾಥರು ನಡೆಸುವ ಕಮ್ಮಟಕ್ಕೆ ‘ಮಸಿ ಮತ್ತು ಮೌನ’ ಎಂದು ಹೆಸರು. ಎಂಟು ಶನಿವಾರ, ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು. ಮೊದಲು ವೇದಾಂತ, ಬುದ್ಧ, ಚೀನಾದ ಮುನಿಗಳು ಎಲ್ಲರನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದ ಉಪನ್ಯಾಸ, ಆಮೇಲೆ ಪದ್ಯ, ಆಮೇಲೆ ಆ ಪದ್ಯವನ್ನು ಕುಂಚದಲ್ಲಿ ದಪ್ಪ ಹತ್ತಿಯ ಹಾಳೆಗೆ ಇಳಿಸುವುದು. ರೆಡ್ಮಂಡಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ವಾರವಿಡೀ ಕೀಲಿಮಣೆ ಕುಟ್ಟಿ ಕೈ ಜಡ್ಡುಗಟ್ಟಿದವರೆಲ್ಲ ಬಂದು, ‘ಅ’ ಬರೆದು, ಕಣ್ಣು ತೇವ ಮಾಡಿಕೊಂಡು ಹೋಗುತ್ತಿದ್ದರು. ಒಳಗೆ ಬರುವಾಗ ಚಪ್ಪಲಿಯ ಪಕ್ಕದ ಬುಟ್ಟಿಗೆ ಫೋನು ಹಾಕಬೇಕು. ಬರೆದ ಹಾಳೆಯನ್ನು ಮನೆಗೆ ಒಯ್ಯುವಂತಿಲ್ಲ, ಬೀರುವಿನಲ್ಲಿಡಬೇಕು. ಎಂಟನೆಯ ಶನಿವಾರ ಪ್ರತಿಯೊಬ್ಬರ ಒಳ್ಳೆಯ ಹಾಳೆಯನ್ನು ಪಕ್ಕದಲ್ಲಿ ಕೂತವರು ನೀರಿಗೆ ಅದ್ದಬೇಕು. ತನ್ನದನ್ನು ಬಿಡಲು ತನ್ನ ಕೈಗೆ ಬರುವುದಿಲ್ಲ, ಬಿಡಿಸುವುದಕ್ಕೆ ಇನ್ನೊಬ್ಬರ ಕೈ ಬೇಕು ಎಂಬುದು ದ್ವಾರಕಾನಾಥರ ತತ್ವ. ನೀರಿಗೆ ಬೇಗ ಬಿಟ್ಟುಕೊಳ್ಳಲೆಂದೇ ಅಂಟು ಕಡಿಮೆ ಹಾಕಿ ದೀಪದ ಕಪ್ಪಿನಿಂದ ಮಸಿ ಮಾಡಿಸುತ್ತಿದ್ದರು. ತೊಳೆದ ಹಾಳೆಗಳನ್ನು ಒಣಗಿಸಿ ಮುಂದಿನ ಬ್ಯಾಚಿನವರಿಗೆ ಮೊದಲ ದಿನ ಬರೆಯಲು ಕೊಡುವುದು. ಮನುಷ್ಯ ಬಿಟ್ಟುಕೊಡುವುದನ್ನು ಕಲಿಯಬೇಕು ಎಂದು ಸರೋವರಕ್ಕೆ ಮುಖ ಮಾಡಿದ ಸ್ವಂತ ಮನೆಯಲ್ಲಿ ಕೂತು ಹೇಳುವುದು ಅವರಿಗೆ ಬಹಳ ಸಲೀಸಾಗಿತ್ತು.

ಮೈತ್ರಿಗೆ ಇದು ಮೂರನೆಯ ವರ್ಷ. ಮೊದಲ ವರ್ಷ ಕಲಿತಳು. ಆಮೇಲೆ ಚಾಪೆ ಹಾಸುವುದು, ಮಸಿ ತೇಯುವುದು, ಬೀರುವಿನ ಕೀಲಿ ಎಲ್ಲ ಅವಳ ಪಾಲಿಗೆ ಬಂತು. ಈ ಜನವರಿಯಲ್ಲಿ ಹದಿನಾಲ್ಕು ವರ್ಷದ ಕೆಲಸ ಹೋಯಿತು, ಹದಿನೈದು ನಿಮಿಷದ ಒಂದು ವೀಡಿಯೋ ಕಾಲಿನಲ್ಲಿ. ಅವತ್ತಿನಿಂದ ಗಂಡ ಸುಹಾಸ್ ಕಮ್ಮಟವನ್ನು ‘ನಿನ್ನ ಹಾಬಿ’ ಎನ್ನತೊಡಗಿದ್ದ. ಸರೋವರದಾಚೆಯ ಫ್ಯಾಕ್ಟೋರಿಯಾ ಬಡಾವಣೆಯಲ್ಲಿ ದ್ವಾರಕಾನಾಥರು ಹೊಸ ಬ್ಯಾಚು ತೆರೆಯುವವರಿದ್ದರು, ಅದಕ್ಕೆ ಒಬ್ಬರು ಗುರು ಬೇಕಾಗಿತ್ತು. ಮೈತ್ರಿ, ಇಲ್ಲವೇ ಇನ್ನೊಬ್ಬ ಹಳೆಯ ಶಿಷ್ಯ ಗಗನ್. ಬೆಳಗೆದ್ದು ತಾನು ಯಾರು ಎಂದು ಹೇಳಿಕೊಳ್ಳಲು ಮೈತ್ರಿಗೆ ಬೇರೆ ದಾರಿ ಉಳಿದಿರಲಿಲ್ಲ.

ಎಂಟನೆಯ ಶನಿವಾರ ಅವಳು ಒಂದು ಗಂಟೆ ಮೊದಲೇ ಬಂದು ಬೀರು ತೆರೆದಳು. ಆಲ್ಫ್ರೆಡ್ಡರ ಹಾಳೆ ಸಿಕ್ಕಿತು.

ರೋಸಿ, ಚಿಲಕ ನಾನೇ ಹಾಕಿ ಬರುತ್ತೇನೆ,
ನೀನು ಮಲಗು.
ದೀಪ ಮಾತ್ರ ಆರಿಸಬೇಡ,
ನಿನ್ನ ಮುಖ ನೋಡಿ ಮುಗಿದಿಲ್ಲ.

ಅಕ್ಷರ ಒಂದೂ ನೆಟ್ಟಗಿರಲಿಲ್ಲ. ಒತ್ತಕ್ಷರಗಳು ಎಲ್ಲೆಲ್ಲಿಗೋ ಜಾರಿದ್ದವು. ಕೆಳಗಿನ ಅಂಚಿನಲ್ಲಿ ಕುಂಚ ಕೈಜಾರಿದಾಗ ಹಾಳೆಯನ್ನು ಒತ್ತಿ ಹಿಡಿದ ಅವರ ಹೆಬ್ಬೆರಳಿನ ಗುರುತು ದಪ್ಪ ಕಾಗದದಲ್ಲಿ ಸಣ್ಣ ಗುಳಿಯಾಗಿ ಕೂತಿತ್ತು. ಮೈತ್ರಿ ಹಾಳೆಯನ್ನು ತನ್ನ ಚೀಲದಲ್ಲಿ, ಸ್ವೆಟರಿನ ಕೆಳಗಿಟ್ಟಳು. ಗೆರೆಗಳ ಹಾಳೆಯನ್ನು ಅವತ್ತು ನೀರಿಗೆ ಹಾಕುವ ಹಾಳೆಗಳ ಕಡತಕ್ಕೆ ಸೇರಿಸಿದಳು. ಅಲ್ಲಿಗೆ ಕೆಲಸ ಮುಗಿದಿತ್ತು.

ದ್ವಾರಕಾನಾಥರು ಮೇಲಿಂದ ಎರಡು ಲೋಟ ಕಾಫಿ ಹಿಡಿದು ಇಳಿದು ಬಂದರು. ಒಂದನ್ನು ಅವಳಿಗೆ ಕೊಟ್ಟರು. ಹಿಂದೆಂದೂ ಕೊಟ್ಟಿರಲಿಲ್ಲ.

“ಫ್ಯಾಕ್ಟೋರಿಯಾದ್ದು ಇವತ್ತು ಡಿಸೈಡ್ ಮಾಡ್ತೀನಿ ಮೈತ್ರಿ. ಕೈ ಚೆನ್ನಾಗಿರೋರು ಬೇಕಾದಷ್ಟು ಜನ ಸಿಗ್ತಾರೆ. ಗಗನ್ ಕೈ ನಿನಗಿಂತ ಚೆನ್ನಾಗಿದೆ, ನಿಜ ಹೇಳ್ಬೇಕು ಅಂದ್ರೆ. ನಾನು ನೋಡೋದು ಅದಲ್ಲ.” ಅವರು ಕಾಫಿಯ ಹಬೆಯನ್ನು ಊದಿದರು. “ಪ್ರತಿ ಬ್ಯಾಚಲ್ಲೂ ಯಾರೋ ಒಬ್ರು ಬಂದು ಕೇಳ್ತಾರೆ, ನಂದೊಂದು ಉಳಿಸ್ಕೊಡಿ ಅಂತ. ಈ ಸಲ ಯಾರು ಕೇಳಿದ್ರು?”

ಯಾರೂ ಕೇಳಲಿಲ್ಲ ಸರ್ ಎಂದರೆ ಮುಗಿಯುತ್ತಿತ್ತು. ಅವರು ಅವಳ ಚೀಲ ತೆರೆದು ನೋಡುವವರೂ ಅಲ್ಲ.

“ರೋಸಿ ಆಂಟಿ,” ಎಂದಳು ಮೈತ್ರಿ. “ಆಲ್ಫ್ರೆಡ್ ಅವರದ್ದು.”

“ನೀನು ಏನು ಹೇಳ್ದೆ?”

“ಆಗಲ್ಲ ಅಂದೆ ಸರ್.”

“ಗುಡ್.” ಅವರು ಮುಗುಳ್ನಕ್ಕರು. “ಗಂಡನದ್ದನ್ನ ಹೆಂಡತಿ ಕೈಲಿ ಅದ್ದಿಸೋದು ಬೇಡ. ನೀನೇ ಮಾಡು. ಆದ್ರೆ ನಾನು ಹೇಳಿದೆ ಅಂತ ಮಾಡ್ಬೇಡ. ನಿನಗೆ ಬಿಟ್ಟಿದ್ದು.”

ಅವರು ಹೋದ ಮೇಲೆ ಮೈತ್ರಿ ಚೀಲದಿಂದ ಹಾಳೆ ತೆಗೆದು, ಮತ್ತೊಮ್ಮೆ ಓದಿದಳು. ಇಲ್ಲಿ ಕನಿಕರ ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು. ಸಾಯುತ್ತಿರುವ ಮನುಷ್ಯ ತನ್ನ ಕೊನೆಯ ಕೈಬಲವನ್ನೆಲ್ಲ ಒಟ್ಟುಗೂಡಿಸಿ ಒಬ್ಬ ಹೆಂಗಸಿಗೆ ನಾಲ್ಕು ಸಾಲು ಬರೆದಿದ್ದಾನೆ. ಹದಿನಾರು ವರ್ಷದಲ್ಲಿ ಸುಹಾಸ್ ಅವಳಿಗೆ ಬರೆದದ್ದೆಂದರೆ ಹಾಲು ತರುವ ಮೆಸೇಜು. ಅಂಥ ನಾಲ್ಕು ಸಾಲು ಬಾಯಿಪಾಠ ಇರುವವಳಿಗೆ ಮೇಲಿಂದ ಹಾಳೆ ಬೇರೆ ಬೇಕೇ ಎಂದು ಅವಳಿಗೆ ಒಳಗೊಳಗೇ ಉರಿಯಿತು. ಗೆರೆಗಳ ಹಾಳೆಯನ್ನು ಕಡತದಿಂದ ತೆಗೆದು ಇದನ್ನು ಇಟ್ಟಳು.

ಹನ್ನೊಂದೂವರೆಗೆ ಹಿತ್ತಾಳೆಯ ಅಗಲ ಬೋಗುಣಿಗಳನ್ನು ಸಾಲಾಗಿ ಇಡಲಾಯಿತು. ಹದಿನಾರು ಜನ ಕಣ್ಣು ಮುಚ್ಚಿ ಕುಳಿತಿದ್ದರು. ಮೌನದ ಹೊತ್ತು, ಗಂಟೆ ಬಾರಿಸುವವರೆಗೆ ಯಾರೂ ಮಾತಾಡುವಂತಿಲ್ಲ. ರೋಸಿ ಮಾತ್ರ ಕಣ್ಣು ಬಿಟ್ಟುಕೊಂಡು ಮೈತ್ರಿಯನ್ನೇ ನೋಡುತ್ತಿದ್ದರು. ಮೈತ್ರಿ ಕಡತ ಹಿಡಿದು ಹತ್ತಿರ ಬಂದಾಗ ಸಣ್ಣಗೆ ನಕ್ಕರು, ಗುಟ್ಟು ಹಂಚಿಕೊಂಡವರು ನಗುವ ಹಾಗೆ. ಚರ್ಚಿಗೆ ಉಡುವ ನೀಲಿ ಸೀರೆ ಉಟ್ಟು ಬಂದಿದ್ದರು. ಆಲ್ಫ್ರೆಡ್ಡರಿಗೆ ಇಸ್ತ್ರಿಯಾದ ಬಿಳಿ ಅಂಗಿ.

ಮೈತ್ರಿ ಹಾಳೆ ಹೊರತೆಗೆದಳು.

“ಅದಲ್ಲ,” ಎಂದರು ರೋಸಿ ಪಿಸುಮಾತಿನಲ್ಲಿ. ಪಾಪ, ತಪ್ಪಿ ತೆಗೆದಿದ್ದಾಳೆ ಎಂದುಕೊಂಡಿದ್ದರು. “ಮೈತ್ರಿ, ಅದಲ್ಲ. ಇನ್ನೊಂದು, ಇನ್ನೊಂದು.”

ಮೈತ್ರಿ ಮಂಡಿಯೂರಿ ಹಾಳೆಯನ್ನು ನೀರಿನ ಮೇಲೆ ಬಿಟ್ಟಳು.

“ಅಯ್ಯೋ ದೇವರೇ, ಎಂತ ಮಾಡ್ತಿದ್ದೀರಿ ನೀವು? ಅದು ಬೇಡ ಹೇಳಿದ್ದಲ್ವಾ ನಾನು!”

ದನಿ ದೊಡ್ಡದಾಯಿತು. ಸುತ್ತ ಕಣ್ಣು ತೆರೆದವರು ರೋಸಿಯತ್ತ ನೋಡಿದರು, ಮೌನ ಮುರಿದವರತ್ತ ನೋಡುವ ಹಾಗೆ. ಯಾರೋ ಒಬ್ಬಾಕೆ ತಲೆ ಅಲ್ಲಾಡಿಸಿದಳು. ರೋಸಿ ಮುಂದಕ್ಕೆ ಬಾಗಿ ಬೋಗುಣಿಗೆ ಕೈ ಹಾಕಬಂದಾಗ ದ್ವಾರಕಾನಾಥರು ಹಿಂದಿನಿಂದ ಬಂದು ಅವರ ಭುಜದ ಮೇಲೆ ಮೃದುವಾಗಿ ಕೈಯಿಟ್ಟರು. “ರೋಸಿ ಅವರೇ, ಉಸಿರಿನ ಕಡೆ ಗಮನ ಕೊಡಿ. ನೋವು ಬರತ್ತೆ, ಹೋಗತ್ತೆ. ನೋಡ್ತಾ ಇರಿ ಅಷ್ಟೇ.”

ಮೈತ್ರಿ ಎರಡೂ ಅಂಗೈಗಳಿಂದ ಹಾಳೆಯನ್ನು ಕೆಳಕ್ಕೆ ಒತ್ತಿದಳು. ಹತ್ತು ಉಸಿರಿನ ಲೆಕ್ಕ. ಮೊದಲು ‘ದೀಪ’ ಬಿಟ್ಟುಕೊಂಡಿತು, ಆಮೇಲೆ ‘ಮುಖ’. ನೀರಿನಲ್ಲಿ ಕಪ್ಪು ಮೆಲ್ಲಗೆ ಹರಡಿತು. ಏಳನೆಯ ಉಸಿರಿಗೆ ಅವಳು ತಲೆಯೆತ್ತಿದಳು, ಆಲ್ಫ್ರೆಡ್ ಅವಳನ್ನೇ ನೋಡುತ್ತಿದ್ದರು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ತೊಡೆಯ ಮೇಲಿಟ್ಟಿದ್ದ ಬಲಗೈಯ ಕಡೆಗೆ ಒಮ್ಮೆ ನೋಡಿದರು, ಬೋಗುಣಿಯ ಕಡೆಗೆ ಒಮ್ಮೆ, ಮತ್ತೆ ಕೈಯ ಕಡೆಗೆ. ಗಂಟಲಿನಿಂದ ಏನೋ ಸದ್ದು ಬಂತು. ಸಾಲಿನ ಕೊನೆಯಲ್ಲಿ ಕೂತಿದ್ದ ರಮೇಶ್ ಎಂಬಾತ ಅದು ಅನುಭಾವದ ಗಳಿಗೆ ಎಂದು ತಿಳಿದು ಅತ್ತೇಬಿಟ್ಟ. ಮೈತ್ರಿ ಕೈ ತೆಗೆಯಲಿಲ್ಲ. ಹತ್ತಾದ ಮೇಲೂ ಇನ್ನೆರಡು ಉಸಿರು ಒತ್ತಿ ಹಿಡಿದಿದ್ದಳು. ಅವಳಿಗೆ ಹಾಯೆನಿಸಿತು, ಜನವರಿಯಿಂದ ಎದೆಯ ಮೇಲಿದ್ದದ್ದೇನೋ ಇಳಿದಂತಾಯಿತು.

ಎಲ್ಲರೂ ಅಪ್ಪಿಕೊಂಡು, ಬುಟ್ಟಿಯಿಂದ ಫೋನು ತೆಗೆದುಕೊಂಡು ಹೊರಟರು. ರೋಸಿ ಹಗ್ಗದ ಮೇಲೆ ನೇತುಹಾಕಿದ ಹಾಳೆಗಳ ಹತ್ತಿರ ಬಂದು ನಿಂತರು. ಸೀರೆಯ ಸೆರಗು ಒದ್ದೆಯಾಗಿತ್ತು.

“ಅದನ್ನಾದ್ರೂ ಕೊಡಿ. ಒಣಗಿದ ಮೇಲೆ ಸ್ವಲ್ಪ ಕಾಣ್ತದೇನೋ.”

ದ್ವಾರಕಾನಾಥರು ಅಲ್ಲೇ ಚಾಪೆ ಸುತ್ತುತ್ತಿದ್ದರು. ಅವರ ಬೆನ್ನು ಅವಳ ಕಡೆಗಿತ್ತು.

“ಹಾಳೆ ಮುಂದಿನ ಬ್ಯಾಚ್‌ಗೆ ಆಂಟಿ,” ಎಂದಳು ಮೈತ್ರಿ. “ನಿಮಗೆ ಗೊತ್ತಲ್ಲ.”

ರೋಸಿ ಅವಳನ್ನು ಬೈಯಲಿಲ್ಲ. “ಅವರ ಬಾಯಿ ಒರೆಸಿದ್ದು ನೀವೇ ಅಲ್ವಾ ಅವತ್ತು,” ಎಂದಷ್ಟೇ ಹೇಳಿ, ಗಾಲಿಕುರ್ಚಿಯ ಬ್ರೇಕು ಬಿಡಿಸಿದರು. ವ್ಯಾನು ಇಳಿಜಾರು ದಾಟುವ ಮೊದಲೇ ದ್ವಾರಕಾನಾಥರು ಫ್ಯಾಕ್ಟೋರಿಯಾದ ಬೀಗದ ಕೈಯನ್ನು ಮೈತ್ರಿಯ ಅಂಗೈಗೆ ಹಾಕಿದರು.

ಜುಲೈಯಲ್ಲಿ ಆಲ್ಫ್ರೆಡ್ ತೀರಿಕೊಂಡರೆಂದು ಕಮ್ಮಟದ ವಾಟ್ಸಾಪ್ ಗುಂಪಿಗೆ ಸುದ್ದಿ ಬಂತು. ಮಣ್ಣಿಗೆ ಮೈತ್ರಿ ಹೋಗಲಿಲ್ಲ. ನಾಲ್ಕು ದಿನ ಕಳೆದು ಅವಳೊಬ್ಬಳಿಗೇ ರೋಸಿಯ ಮೆಸೇಜು ಬಂತು: “ಆ ಹಾಳೆ ಖಾಲಿ ಇದ್ರೂ ಪರ್ವಾಗಿಲ್ಲ. ಅವರು ಮುಟ್ಟಿದ್ದಲ್ವಾ. ಇದ್ರೆ ಕೊಡ್ತೀರಾ?” ಮೈತ್ರಿ ಓದಿದಳು. ಹಾಳೆಗಳ ಕಟ್ಟು ಅವಳ ಮನೆಯಲ್ಲೇ ಇತ್ತು. ಏನೆಂದು ಉತ್ತರ ಬರೆಯುವುದೆಂದು ಯೋಚಿಸಿದಳು, ನಾಳೆ ಬರೆದರಾಯಿತು ಎಂದುಕೊಂಡಳು. ವಾರವಾದ ಮೇಲೆ ಉತ್ತರಿಸುವುದಕ್ಕೇ ನಾಚಿಕೆಯಾಯಿತು. ಎರಡು ವಾರವಾದ ಮೇಲೆ ಆ ನಾಚಿಕೆ ರೋಸಿಯ ಮೇಲಿನ ಸಿಟ್ಟಾಗಿ, ಸಲೀಸಾಯಿತು.

ಸೆಪ್ಟೆಂಬರಿನ ಮೊದಲ ಶನಿವಾರ ಫ್ಯಾಕ್ಟೋರಿಯಾದ ಬಾಡಿಗೆ ಹಾಲಿನಲ್ಲಿ ಹನ್ನೆರಡು ಜನ ಕೂತಿದ್ದರು. ಮೈತ್ರಿ ಬಿಳಿ ಖಾದಿಯ ಸೀರೆ ಉಟ್ಟಿದ್ದಳು. ಬಿಡುವುದೆಂದರೇನು ಎಂದು ಮುಕ್ಕಾಲು ಗಂಟೆ ಮಾತಾಡಿದಳು, ಚೆನ್ನಾಗಿಯೇ ಮಾತಾಡಿದಳು. ಆಮೇಲೆ ಬೂದುಬಣ್ಣದ ಹಳೆಯ ಹಾಳೆಗಳನ್ನು ನೋಡದೆ ಹಂಚುತ್ತ ಹೋದಳು.

“ಮೇಡಂ,” ಎಂದು ಕರೆದಳು ವೈಶಾಲಿ ಎಂಬ ಹುಡುಗಿ, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು. “ಇದ್ರಲ್ಲಿ ಯಾರೋ ಏನೋ ಬರ್ದಿದಾರೆ. ‘ನೀನು ಮಲಗು’ ಅಂತ ಇದೆ ಅನ್ಸತ್ತೆ. ಇದು ಯಾರಿಗಾದ್ರೂ ಬೇಕಾಗಿತ್ತಾ? ಬೇರೆ ಕೊಡ್ತೀರಾ?”

ಮೈತ್ರಿ ಹಾಳೆ ಇಸಿದುಕೊಂಡಳು. ಬೆರಳು ತಾನಾಗಿಯೇ ಕೆಳಗಿನ ಅಂಚಿಗೆ ಹೋಯಿತು. ಗುಳಿ ಅಲ್ಲೇ ಇತ್ತು. ಅವಳ ಹೆಬ್ಬೆರಳು ಅದರೊಳಗೆ ಸರಿಯಾಗಿ ಕೂತಿತು. ಹನ್ನೆರಡು ಜನ ಅವಳ ಮುಖ ನೋಡುತ್ತಿದ್ದರು.

“ಎಲ್ಲ ಹಾಳೆನೂ ಹೀಗೇ ಇರತ್ತೆ,” ಎಂದು ಅದನ್ನು ಮತ್ತೆ ಹುಡುಗಿಯ ಮುಂದೆ ಹಾಸಿ, ಮೂಲೆಗಳಿಗೆ ಕಲ್ಲಿಟ್ಟಳು. “ಅದ್ರ ಮೇಲೇ ಬರೀರಿ.”

ವೈಶಾಲಿ ಕುಂಚವನ್ನು ಮಸಿಯಲ್ಲಿ ಅದ್ದಿ ಎಡದಿಂದ ಬಲಕ್ಕೆ ಮೊದಲ ಗೆರೆ ಎಳೆದಳು. ಹೊಸಬಳು, ಮಸಿ ಹೆಚ್ಚಾಗಿತ್ತು. ಅದು ಗೆರೆಯಿಂದ ತಪ್ಪಿಸಿಕೊಂಡು ಕೆಳಗೆ ಹರಿಯಿತು, ಅಂಚಿನ ಗುಳಿಯಲ್ಲಿ ಹನಿಯಾಗಿ ನಿಂತಿತು.