ನಿಮಗೆ ಪರಿಚಯವಿರಬಹುದು

ಹೆಂಚಿನ ಮೇಲಿನ ರೊಟ್ಟಿ ಉಬ್ಬುವ ಹೊತ್ತಿಗೆ ಫೋನು ಟಿಣ್ ಎಂದಿತು. ಕೈಗೆಲ್ಲ ಜೋಳದ ಹಿಟ್ಟು ಮೆತ್ತಿದ್ದರಿಂದ ಸೋನಾಲಿ ಕಿರುಬೆರಳಿನಿಂದಲೇ ಪರದೆ ಸರಿಸಿ ನೋಡಿದಳು. 'ನಿಮಗೆ ಪರಿಚಯವಿರಬಹುದು' ಎಂಬ ಸಾಲಿನ ಕೆಳಗೆ, ಕಪ್ಪು ಕನ್ನಡಕ ಹಾಕಿಕೊಂಡು, ಯಾರದೋ ಮೋಟಾರ್ ಸೈಕಲ್ಲಿಗೆ ಒರಗಿಕೊಂಡು ಈಶ್ವರ ನಗುತ್ತಿದ್ದ.

ರೊಟ್ಟಿ ಸೀದು ಹೊಗೆ ಎದ್ದದ್ದು ಅವಳಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ದೋಸೆ ಹಾಕುತ್ತಿದ್ದ ಸೀನ "ಏ ಸೋನಾಲಿ!" ಎಂದು ಕೂಗಿ, ಇಕ್ಕಳದಿಂದ ರೊಟ್ಟಿಯನ್ನೆತ್ತಿ ಬದಿಗೆ ಎಸೆದ. ಅವಳು ಫೋನನ್ನು ಬೋರಲು ಹಾಕಿ ಅದರ ಮೇಲೊಂದು ತಾಟು ಮುಚ್ಚಿಟ್ಟಳು.

ಈಶ್ವರ ಅವಳ ಗಂಡ. ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯ ಗಾಳೆಯಲ್ಲಿ ವೆಲ್ಡಿಂಗ್ ಕೆಲಸ ಮಾಡುವವನು. ಅವನ ಏಟಿಗೆ ಎಡಗಿವಿಯ ತಮಟೆ ಒಡೆದ ಮೇಲೂ ಅವಳು ಕೆಲಕಾಲ ಅಲ್ಲಿಯೇ ಇದ್ದಳು. ಕೊನೆಗೊಂದು ದಿನ ಉಟ್ಟ ಸೀರೆಯಲ್ಲೇ ಹೊರಬಿದ್ದು ಶಹರದ ಇನ್ನೊಂದು ಮೂಲೆಯ ಘಾಟ್ಕೋಪರಿಗೆ ಬಂದಳು. ಹಳೆಯ ಸಿಮ್ಮನ್ನು ಲೋಕಲ್ಲಿನ ಕಿಟಕಿಯಿಂದ ಖಾಡಿಯ ನೀರಿಗೆ ಎಸೆದಳು. ಉಡುಪಿ ಕಡೆಯ ಪೂವಪ್ಪಣ್ಣನ ಹೋಟೆಲಿನಲ್ಲಿ ಪಾತ್ರೆ ತಿಕ್ಕಲು ಸೇರಿದವಳು ತನ್ನ ಕೈರುಚಿಯಿಂದಾಗಿ ಒಲೆಯ ಮುಂದಕ್ಕೆ ಬಂದಳು. ಈಗ ಹೋಟೆಲಿನ ಹೊರಗೆ 'ಜೋಳದ ರೊಟ್ಟಿ ಊಟ ಸಿಗುತ್ತದೆ' ಎಂಬ ಹಲಗೆಯೇ ತೂಗುತ್ತಿತ್ತು. ಪೂವಪ್ಪಣ್ಣನ ಮಗಳು ಯಕ್ಷಿತಾ ತನ್ನ ಹಳೆಯ ಫೋನನ್ನು ಇವಳಿಗೆ ಕೊಟ್ಟು, ಅದರಲ್ಲಿ ಒಂದು ಖಾತೆಯನ್ನೂ ತೆರೆದುಕೊಟ್ಟಿದ್ದಳು. ಆ ಹಲಗೆಯ ಕೆಳಗೆ, ಹೋಟೆಲಿನ ಹೆಸರೂ ಕಾಣುವಂತೆ, ಇವಳನ್ನು ನಿಲ್ಲಿಸಿ ಫೋಟೋ ತೆಗೆದು ಆ ಖಾತೆಗೆ ಹಾಕಿದ್ದಳು. ಬಹಳ ವರ್ಷಗಳ ಮೇಲೆ ತೆಗೆಸಿಕೊಂಡ ಫೋಟೋ ಅದು. ಸೋನಾಲಿ ಅದನ್ನು ಮತ್ತೆ ಮತ್ತೆ ನೋಡಿ ಖುಷಿಪಟ್ಟಿದ್ದಳು.

ಮಧ್ಯಾಹ್ನದ ಗಿರಾಕಿಗಳು ಕರಗಿದ ಮೇಲೆ ಅವಳು ಹಣದ ಗಲ್ಲೆಯ ಹತ್ತಿರ ಕೂತಿದ್ದ ಯಕ್ಷಿತಾಳ ಮುಂದೆ ಫೋನು ಹಿಡಿದಳು.

"ಇಂವಾ ಇಲ್ಲಿ ಹ್ಯಾಂಗ ಬಂದ?"

"ಯಾರು ಇವ್ರು? ಅರೆ, ಇದು ಆ್ಯಪ್ ಸಜೆಸ್ಟ್ ಮಾಡ್ತದೆ ಅಕ್ಕ. ಟೆನ್ಶನ್ ಮತ್ ಲೋ."

"ನನ್ನ ಗಂಡ ಇಂವಾ."

ಯಕ್ಷಿತಾ ತಲೆಯೆತ್ತಿದಳು. ಅವಳ ಕನ್ನಡ ಹೇಗೂ ಅರ್ಧಕ್ಕೇ ನಿಲ್ಲುವಂಥದ್ದು. ಫೋನನ್ನು ಇಸಿದುಕೊಂಡು ಆ ಮುಖವನ್ನು ದೊಡ್ಡದು ಮಾಡಿ ನೋಡಿದಳು.

"ನನಗ ಅಂವನ್ನ ತೋರಸ್ತದ ಅಂದ್ರ, ಅಂವಗೂ ನನ್ನ ತೋರಸ್ತದೇನ?"

"ಮೋಸ್ಟ್ಲಿ... ಹಾಂ ಅಕ್ಕ."

ಗಲ್ಲೆಯ ಹಿಂದಿನಿಂದ ಪೂವಪ್ಪಣ್ಣ ನಕ್ಕರು. "ನಮ್ಮದು ಎಲ್ಲ ಅವರ ಹತ್ರ ಉಂಟು ಮಾರಾಯ್ತಿ. ಮೊನ್ನೆ ಹೆಂಡತಿ ಹತ್ರ ಮೊಣಕಾಲು ನೋವು ಅಂದೆ. ಮರುದಿವಸ ಫೋನು ತೆರೆದರೆ ಬರೀ ಎಣ್ಣೆಯದ್ದೇ ಜಾಹೀರಾತು. ಎಂತ ಮಾಡುವುದು? ಮನೆ ಅವರದ್ದು, ನಾವು ಬಾಡಿಗೆಯವರು. ಇಷ್ಟು ಕೋಟಿ ಜನರಲ್ಲಿ ನಿನ್ನನ್ನು ಯಾರು ಹುಡುಕ್ತಾರೆ ಹೇಳು?"

"ಅಂವಾ ಹುಡಕ್ತಾನ ಅಣ್ಣಾ" ಎಂದಳು ಸೋನಾಲಿ.

ಯಕ್ಷಿತಾ ಫೋಟೋ ಅಳಿಸಿದಳು, ಈಶ್ವರನನ್ನು ಬ್ಲಾಕ್ ಮಾಡಿದಳು, ಕಂಪನಿಗೆ ಒಂದು ದೂರನ್ನೂ ಕಳಿಸಿದಳು. ಲೋಟದ ಚಹಾ ಆರುವುದರೊಳಗೆ ಉತ್ತರ ಬಂತು. ನಿಮ್ಮ ಸುರಕ್ಷತೆ ನಮಗೆ ಮುಖ್ಯ, ಈ ಖಾತೆಯನ್ನು ಪರಿಶೀಲಿಸಿದ್ದೇವೆ, ನಮ್ಮ ನಿಯಮಗಳಿಗೆ ವಿರುದ್ಧವಾದದ್ದೇನೂ ಕಂಡುಬಂದಿಲ್ಲ. ಯಕ್ಷಿತಾ ಅದನ್ನು ಗಟ್ಟಿಯಾಗಿ ಓದಿದಾಗ ಪೂವಪ್ಪಣ್ಣ ಮತ್ತೆ ನಕ್ಕರು. ಈ ಸಲ ಅವರ ನಗು ಅಷ್ಟು ಜೋರಾಗಿರಲಿಲ್ಲ.

ಸಂಜೆ ಗುಡ್ಡದ ಚಾಳಿಗೆ ಹತ್ತುವಾಗ ಸೋನಾಲಿ ಹಿಂತಿರುಗಿ ನೋಡುತ್ತಲೇ ಹೋದಳು. ಎಡಗಡೆಯಿಂದ ಯಾರು ಬಂದರೂ ಅವಳಿಗೆ ಕೇಳಿಸದು. ಅದಕ್ಕೇ ಎಡಭುಜವನ್ನು ಗೋಡೆಗೆ ತಾಗಿಸಿಕೊಂಡು ನಡೆದಳು. ತಾನಿಲ್ಲಿರುವುದನ್ನು ಅವನಿಗೆ ಯಾರು ಹೇಳಿರಬಹುದು? ಅವನನ್ನೂ ತನ್ನನ್ನೂ ಬಲ್ಲವಳು ಇಲ್ಲಿ ಒಬ್ಬಳೇ, ನೀಲಾಬಾಯಿ. ಹಿಂದೆ ಜೋಗೇಶ್ವರಿಯಲ್ಲಿ ಪಕ್ಕದ ಖೋಲಿಯಲ್ಲಿದ್ದ ಮುದುಕಿ. ಈಗ ಸೋನಾಲಿಗೆ ತನ್ನ ಖೋಲಿಯಲ್ಲೇ ಜಾಗ ಕೊಟ್ಟು ಮಗಳಂತೆ ಇಟ್ಟುಕೊಂಡವಳು. ಬೇಡ ಬೇಡವೆಂದರೂ ಸಂಶಯ ಅಲ್ಲಿಗೇ ಹೋಗಿ ಕೂತುಕೊಳ್ಳುತ್ತಿತ್ತು.

ಮುದುಕಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸೋನಾಲಿ ಚಪ್ಪಲಿ ಕಳಚದೆ ಹೊಸ್ತಿಲಲ್ಲೇ ನಿಂತು ಕೇಳಿದಳು.

"ನೀಲಾ ಆಯಿ, ಅಂವಗ ಫೋನ್ ಹಚ್ಚಿದ್ದಿ ಏನ?"

"ಯಾರಿಗೆ?"

"ಯಾರಿಗಂತ ನಿನಗ ಗೊತ್ತೈತಿ."

ನೀಲಾಬಾಯಿಯ ಕೈಯಿಂದ ಎಸಳು ಜಾರಿತು. "ಬನಶಂಕರಿ ಆಣಿ ಮಾಡಿ ಹೇಳ್ತೀನಿ ಯವ್ವಾ, ಅಂವನ ಹೆಸರ ಸೈತ ಬಾಯಾಗ ತಗೊಂಡಿಲ್ಲ. ನನ್ನ ಮ್ಯಾಲ ಹಿಂಗ ಅನಮಾನ ಮಾಡ್ತಿ?"

ಇಬ್ಬರೂ ಉಣ್ಣಲಿಲ್ಲ. ಮುದುಕಿ ಗೋಡೆಯ ಕಡೆ ಹೊರಳಿ ಮಲಗಿದಳು.

ಮರುದಿನ ನೀಲಾಬಾಯಿ ತಾನೇ ಹೋಟೆಲಿಗೆ ಬಂದು, ತನ್ನ ಫೋನನ್ನು ಯಕ್ಷಿತಾಳ ಮುಂದೆ ಕುಕ್ಕಿದಳು. "ನೋಡ ಬೇಟಾ, ನಾ ಯಾರ್‍ಯಾರಿಗೆ ಫೋನ್ ಮಾಡೀನಿ ಅಂತ ಇಕಿಗೆ ಹೇಳು." ಯಕ್ಷಿತಾ ಹುಡುಕಿದಳು. ಕರೆ ಮಾಡಿದ ಗುರುತು ಎಲ್ಲಿಯೂ ಇರಲಿಲ್ಲ. ಆದರೆ ನಂಬರುಗಳ ನಡುವೆ 'ಇಸ್ವರ ಜೋಗೆಸ್ವರಿ' ಎಂದೊಂದು ಇತ್ತು. ಮುದುಕಿ ಕಣ್ಣು ಕಿರಿದು ಮಾಡಿ ನೋಡಿ, ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಸೋನಾಲಿಯ ಕಿವಿಯಿಂದ ರಕ್ತ ಸೋರಿದ ದಿನ ಆಸ್ಪತ್ರೆಯಿಂದ ಅವನಿಗೆ ಫೋನು ಮಾಡಲೆಂದು ಯಾರೋ ನರ್ಸ್ ಹಾಕಿಕೊಟ್ಟ ನಂಬರು.

"ಅಜ್ಜಿ ಏನೂ ಮಾಡಿಲ್ಲ ಅಕ್ಕ" ಎಂದಳು ಯಕ್ಷಿತಾ. "ಈ ಆ್ಯಪ್ ಅಜ್ಜಿ ಫೋನಲ್ಲೂ ಉಂಟು. ಅದು ಎಲ್ಲಾ ನಂಬರ್ ಓದ್ಕೊಂಡಿದೆ. ಅವನದ್ದು, ನಿಮ್ದು. ಎರಡನ್ನೂ ಸೇರಿಸಿ ಜೋಡ್ ದಿಯಾ, ಬಸ್."

ಸೋನಾಲಿ ಮುದುಕಿಯ ಕೈ ಹಿಡಿದುಕೊಂಡಳು. ಚಾಡಿ ಹೇಳಿದವರು ಒಬ್ಬರಿದ್ದಿದ್ದರೆ ಜಗಳವಾಡಬಹುದಿತ್ತು, ಕಾಲಿಗೆ ಬೀಳಬಹುದಿತ್ತು, ಇನ್ನು ಹೇಳಬೇಡ ಎಂದು ಬೇಡಿಕೊಳ್ಳಬಹುದಿತ್ತು. ಇಲ್ಲಿ ಯಾರೂ ಇರಲಿಲ್ಲ. ನಿನ್ನೆಗಿಂತ ಹೆಚ್ಚು ಹೆದರಿಕೆ ಅವಳಿಗೆ ಆಗ ಆಯಿತು.

ಅವನು ಬಂದದ್ದು ಶನಿವಾರ, ಊಟದ ಹೊತ್ತಿನಲ್ಲಿ. ತಾಟುಗಳನ್ನು ಹೊರಗೆ ಕೊಡುವ ಕಿಂಡಿಯಲ್ಲಿ ಮೊದಲು ಅವಳಿಗೆ ಕಂಡದ್ದು ಅವನ ಕೈ, ವೆಲ್ಡಿಂಗಿನ ಕಿಡಿ ಸಿಡಿದು ಚುಕ್ಕೆಚುಕ್ಕೆಯಾದ ಮುಂಗೈ. ಅವಳು ಕುಸಿದು ಹಿಟ್ಟಿನ ಡಬ್ಬದ ಮರೆಯಲ್ಲಿ ಕೂತು, ಬಲಗಿವಿಯನ್ನು ಗೋಡೆಗೆ ಹಚ್ಚಿದಳು. ಸೀನ ಕಿಂಡಿಗೆ ಅಡ್ಡವಾಗಿ ಬಂದು ನಿಂತ.

"ಈಕಿ ಇಲ್ಲೇ ಕೆಲಸ ಮಾಡ್ತಾಳಲ್ರಿ?" ಅವನು ಫೋನು ತೋರಿಸುತ್ತಿರಬೇಕು. ಯಕ್ಷಿತಾ ಅಳಿಸಿದ ಫೋಟೋ ಅವನ ಹತ್ತಿರ ಉಳಿದಿತ್ತು.

"ಇದ್ದಳು." ಪೂವಪ್ಪಣ್ಣ ಅಂದರು. "ಬಿಟ್ಟು ಹೋದಳು. ಊರಿಗೋ ಎಲ್ಲಿಗೋ, ನನಗೆ ಗೊತ್ತಿಲ್ಲ."

"ಹೌದ್ರಿ? ಇರಲಿ. ಒಂದ ರೊಟ್ಟಿ ಊಟ ಕೊಡ್ರಿ."

ಅವನು ಗಡಿಬಿಡಿಯಿಲ್ಲದೆ ಉಂಡ. ರೊಟ್ಟಿ ಮುರಿಯುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತೋ, ಅವಳಿಗೆ ಹಾಗೆ ಅನಿಸುತ್ತಿತ್ತೋ. ಕೈತೊಳೆದು ಗಲ್ಲೆಗೆ ಬಂದವನು ಕೇಳಿದ, "ರೊಟ್ಟಿ ಜೋಡಿ ಕೊಟ್ಟ ಈ ಶೇಂಗಾ ಹಿಂಡಿ ಯಾರು ಕುಟ್ಟ್ಯಾರ್ರಿ?"

"ಸೊಲ್ಲಾಪುರದಿಂದ ಪ್ಯಾಕೆಟ್ ಬರ್ತದೆ."

"ಭಾಳ ಛಲೋ ಐತಿ. ನನ್ನ ಹೆಂಡ್ತಿ ಹಿಂಗ ಉಪ್ಪ ತುಸು ಹೆಚ್ಚ ಹಾಕಾಕಿ." ಗಲ್ಲೆಯ ಮೇಲೆ ನಾಣ್ಯ ಇಟ್ಟ ಸದ್ದು. "ಮತ್ತ ಬರ್ತೀನ್ರಿ."

ಅವನು ಹೋದ ಮೇಲೆ ಪೂವಪ್ಪಣ್ಣ ಅಡುಗೆಮನೆಗೆ ಬಂದರು. "ಪೊಲೀಸಿಗೆ ಹೋಗುವ" ಎಂದರು. ಸೋನಾಲಿ ಬೇಡವೆಂದು ತಲೆಯಾಡಿಸಿದಳು. ಹಿಂದೊಮ್ಮೆ ಹೋದಾಗ ಪೊಲೀಸರು ಅವಳನ್ನು ಬೆಂಚಿನ ಮೇಲೆ ಕೂರಿಸಿ, ಅವನಿಗೇ ಫೋನು ಮಾಡಿ, ಕರೆದುಕೊಂಡು ಹೋಗಲು ಹೇಳಿದ್ದರು. ಪೂವಪ್ಪಣ್ಣ ಕಾಂದಿವಲಿಯಲ್ಲಿದ್ದ ತಮ್ಮ ತಂಗಿ ಶೀಲಾವತಿಗೆ ಫೋನು ಮಾಡಿದರು. "ದೊಡ್ಡ ಬಿಲ್ಡಿಂಗು. ಗೇಟಿನಲ್ಲಿ ಕಾವಲು ಉಂಟು. ಸ್ವಲ್ಪ ದಿವಸ ಅಲ್ಲಿರು. ಫೋನು ಇಲ್ಲೇ ಬಿಟ್ಟು ಹೋಗು."

ನೀಲಾಬಾಯಿ ಜೊತೆಗೆ ಹೊರಟಳು. ಬೇಡವೆಂದರೆ ಕೇಳಲಿಲ್ಲ. ಮೆಟ್ರೋದಲ್ಲಿ ಅಂಧೇರಿಗೆ ಬಂದು, ಸಿಕ್ಕ, ಎಲ್ಲ ಸ್ಟೇಶನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್ಲಿನ ಹೆಂಗಸರ ಡಬ್ಬಿ ಹತ್ತಿದರು. ಮುಂದಿನ ಸ್ಟೇಶನ್ ಜೋಗೇಶ್ವರಿ ಎಂಬುದು ಇಬ್ಬರಿಗೂ ಗೊತ್ತಿತ್ತು. ಗಾಡಿ ನಿಂತಾಗ ಸೋನಾಲಿ ಹೆಂಗಸರ ಕಾಲುಗಳ ನಡುವೆ ನೆಲಕ್ಕೆ ಕೂತಳು. ನೀಲಾಬಾಯಿ ತನ್ನ ಸೀರೆಯ ನೆರಿಗೆ ಹರಡಿ ಅವಳನ್ನು ಮರೆಮಾಡಿ ನಿಂತಳು. ಗಾಡಿ ಹೊರಟು ಎಷ್ಟೋ ಹೊತ್ತಾದ ಮೇಲೂ ಸೋನಾಲಿ ಏಳಲಿಲ್ಲ.

ಕಾಂದಿವಲಿಯ ಬಿಲ್ಡಿಂಗು ಪೂವಪ್ಪಣ್ಣ ಹೇಳಿದಂತೆಯೇ ದೊಡ್ಡದಿತ್ತು. ಎತ್ತರದ ಗೇಟು, ಅದರ ಪಕ್ಕ ಗಾಜಿನ ಗೂಡು, ಗೂಡಿನಲ್ಲಿ ನೀಲಿ ಅಂಗಿಯ ವಾಚ್‌ಮನ್. ಅದನ್ನು ನೋಡಿ ಸೋನಾಲಿಗೆ ಆ ವಾರದಲ್ಲಿ ಮೊದಲ ಸಲ ಸರಾಗವಾಗಿ ಉಸಿರು ಬಂತು. ನೀಲಾಬಾಯಿ ಶೀಲಾವತಿಯ ಹೆಸರು ಹೇಳಿದಳು. ವಾಚ್‌ಮನ್ ತಲೆಯಾಡಿಸಿ, ಮೇಜಿನ ಮೇಲಿದ್ದ ಫೋನನ್ನು ಎತ್ತಿಕೊಂಡು ಹೊರಗೆ ಬಂದ.

"ನಂಬರ್ ಬೋಲೋ. ಔರ್ ಇಧರ್ ದೇಖೋ, ಫೋಟೋ."

"ಫೋಟೋ ಕಾಯಕೂ?" ಎಂದು ಕಾರಣ ಕೇಳಿದಳು ನೀಲಾಬಾಯಿ.

"ಸಿಸ್ಟಮ್ ಹೈ ಮೌಸಿ. ಆ್ಯಪ್ ಮೇ ಡಾಲನಾ ಪಡತಾ ಹೈ. ಫೋಟೋ ಕೆ ಬಿನಾ ಗೇಟ್ ನಹೀ ಖುಲತಾ."

ಆ್ಯಪಿಗೆ ಫೋಟೋ ಹೋಗದೆ ಗೇಟು ತೆರೆಯುವುದಿಲ್ಲವೆಂದು ಕೇಳಿ ಸೋನಾಲಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ನೀಲಾಬಾಯಿ ಮುಂದೆ ಬಂದು, ಮುಖ ಮೇಲೆತ್ತಿ, "ಮೇರಾ ನಿಕಾಲೋ" ಎಂದಳು. ಅವನು ತೆಗೆದುಕೊಂಡ. ಆಮೇಲೆ ಒಂದು ಹೆಜ್ಜೆ ಬದಿಗೆ ಸರಿದ.

ಬಿಸಿಲು ಇಳಿದಿತ್ತು. ಹಿಂದೆ ಪಾರ್ಸೆಲ್ಲಿನವರು ಸಾಲುಗಟ್ಟಿ ಹಾರ್ನ್ ಒತ್ತುತ್ತಿದ್ದರು. ಗೇಟಿನಾಚೆಯ ಉದ್ಯಾನದಲ್ಲಿ ಯಾರೋ ಗಿಡಗಳಿಗೆ ನೀರು ಬಿಡುತ್ತಿದ್ದರು, ಒದ್ದೆ ಮಣ್ಣಿನ ವಾಸನೆ ಬರುತ್ತಿತ್ತು. ವಾಚ್‌ಮನ್ ಫೋನನ್ನು ಸೋನಾಲಿಯ ಮುಖದ ಎತ್ತರಕ್ಕೆ ತಂದು, ಕೈ ಅಲುಗದಂತೆ ಹಿಡಿದು, "ಪಲ್ಲೂ ಹಟಾವೋ ದೀದಿ" ಎಂದು ಸೆರಗು ಸರಿಸಲು ಮೆತ್ತಗೆ ಹೇಳಿ, ಕಾಯುತ್ತ ನಿಂತ.